ಕೂಟದ ಐದು ಕಿಲೋ

ಸಾಂತ್ವನ ಹೇಳಲು ಬಂದವರು ಅಷ್ಟೊಂದು ತಿನ್ನಬಾರದು. ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಅಲ್ ಗುಬ್ರಾದ ಹರಿಣಾಕ್ಷಿಯ ಫ್ಲಾಟಿಗೆ ಕೂಟದ ನಾಲ್ಕು ಜನ ಬಂದರು. ತಾವೇ ತಂದಿದ್ದ ಬಾಳೆಕಾಯಿ ಚಿಪ್ಸಿನ ಪೊಟ್ಟಣವನ್ನು ತಾವೇ ಹರಿದು, ಟೀಪಾಯಿಯ ಮೇಲೆ ಸುರಿದುಕೊಂಡು, ಕರಕರ ಅಗಿಯುತ್ತ ಅವಳ ಗಂಡನ ಗುಣಗಾನಕ್ಕೆ ಕೂತರು. "ಎಂಥಾ ಪಾಪದ ಜನ ಮಾರಾಯ್ರೆ ಗುರುವ! ಒಂದು ದಿನ ಎದುರು ಮಾತಾಡಿದವನಲ್ಲ," ಎಂದ ಒಬ್ಬ. "ಪ್ರೋಗ್ರಾಮಿಗೆ ಚಯರ್ ಹಾಕ್ಲಿಕ್ಕೆ ಅವನಷ್ಟು ಚುರುಕು ಯಾರೂ ಇಲ್ಲ," ಎಂದ ಇನ್ನೊಬ್ಬ. ಸತ್ತವರ ಬೊಜ್ಜದ ಊಟಕ್ಕೆ ಬಂದವರು ಆಡುವ ಮಾತು ಇದು. ಗುರುವ ಸತ್ತಿರಲಿಲ್ಲ. ಘಾಲಾದ ರೇಡಿಯೇಟರ್ ಗ್ಯಾರೇಜಿನಲ್ಲಿ ಹದಿನಾಲ್ಕು ವರ್ಷ ದುಡಿದ ಆ ಮನುಷ್ಯ ಈಗ ಜೈಲಿನಲ್ಲಿದ್ದ, ಅಷ್ಟೆ.

ಹತ್ತೊಂಬತ್ತು ದಿನದ ಹಿಂದೆ ಅವನಿಗೆ ಶಿಕ್ಷೆಯಾಗಿತ್ತು. ಹತ್ತು ವರ್ಷವಲ್ಲ, ಹದಿನೈದು ವರ್ಷವೂ ಅಲ್ಲ. ಅರಬಿಯಲ್ಲಿ ಅದಕ್ಕೆ 'ಮುತ್ಲಕ್' ಎನ್ನುತ್ತಾರಂತೆ; ಲೆಕ್ಕವಿಲ್ಲದ ಸೆರೆ. ತೀರ್ಪಿನ ಹಾಳೆಯಲ್ಲಿ ವರ್ಷ ಬರೆಯಬೇಕಾದ ಜಾಗದಲ್ಲಿ ಅಂಕೆಯೇ ಇರಲಿಲ್ಲ. ಹರಿಣಾಕ್ಷಿ ಆ ಹಾಳೆಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹಿಂದೆ ಮುಂದೆ ನೋಡಿದ್ದಳು. ಮೇಲ್ಮನವಿಗೆ ಮೂವತ್ತು ದಿನ ಸಮಯ. ಅದರಲ್ಲಿ ಹನ್ನೊಂದು ಉಳಿದಿತ್ತು.

ಬಂದ ನಾಲ್ವರಲ್ಲಿ ಮುಖ್ಯನಾದವನು ಶೈಲೇಶ್. ಮಸ್ಕತ್ತಿನಲ್ಲಿರುವ ಕರಾವಳಿಯವರ 'ಕಡಲತಡಿ ಕೂಟ'ಕ್ಕೆ ಒಂಬತ್ತು ವರ್ಷದಿಂದ ಅವನೇ ಕಾರ್ಯದರ್ಶಿ. ಇಬ್ರಿಯಲ್ಲಿ ಅವನದ್ದೊಂದು ದಿನಸಿ ಅಂಗಡಿ. ಯಾರ ಹೆಣ ಊರಿಗೆ ಕಳಿಸಬೇಕಾದರೂ, ವೀಸಾ ಕೊಟ್ಟ ಯಾರ ಕಫೀಲ್ ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡರೂ ಶೈಲೇಶಣ್ಣ ಬೇಕು. ಹರಿಣಾಕ್ಷಿಗೆ ಹಲ್ಲಿನ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೆಲಸ ಕೊಡಿಸಿದವನೂ ಅವನೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಗಂಧ, ಏರದ ಇಳಿಯದ ಒಂದೇ ಸ್ವರ. ಆ ಸ್ವರ ಕೇಳಿದರೆ ಈಗ ಅವಳು ಮುಖ ತಿರುಗಿಸುತ್ತಿದ್ದಳು.

"ಅಕ್ಕಾ, ನಾವು ಸುಮ್ಮನೆ ಕೂತಿಲ್ಲ," ಎಂದು ಅವನು ಪ್ಲಾಸ್ಟಿಕ್ ಕವರಿನಿಂದ ಹಾಳೆಯೊಂದನ್ನು ತೆಗೆದ. "ನ್ಯಾಷನಲ್ ಡೇಗೆ ಕ್ಷಮಾದಾನ ಆಗ್ತದೆ, ನಿಮಗೆ ಗೊತ್ತುಂಟಲ್ಲ. ಅದಕ್ಕೆ ಅರ್ಜಿ ಟೈಪ್ ಮಾಡಿಸಿದ್ದೇವೆ. ನೀವೊಂದು ಸೈನ್ ಹಾಕಿ, ಗುರುವನದ್ದೊಂದು ಹಾಕಿಸಿ. ಅಪೀಲಿಗೆ ಮಾತ್ರ ಹೋಗ್ಬೇಡಿ ಆಯ್ತಾ? ಅಪೀಲು ಹಾಕಿದವರ ಹೆಸರು ಪಟ್ಟಿಗೇ ಸೇರುದಿಲ್ಲ."

"ಹಾಗಂತ ಯಾರು ಹೇಳಿದ್ದು?"

"ಎಲ್ಲರಿಗೂ ಗೊತ್ತಿರುವ ವಿಷಯ ಅಲ್ವಾ ಅಕ್ಕಾ," ಎಂದ ಶೈಲೇಶ್. ಉಳಿದ ಮೂವರು ಚಿಪ್ಸು ಅಗಿಯುತ್ತಲೇ ತಲೆಯಾಡಿಸಿದರು.

ಹರಿಣಾಕ್ಷಿ ಅರ್ಜಿಯ ಇಂಗ್ಲಿಷನ್ನು ಬೆರಳಿಟ್ಟು ಓದಿದಳು. ಮಾಡಿದ ಅಪರಾಧಕ್ಕೆ ಪಶ್ಚಾತ್ತಾಪ, ವಯಸ್ಸಾದ ತಾಯಿ, ಶಾಲೆಗೆ ಹೋಗುವ ಮಗಳು, ಎಲ್ಲ ಸರಿಯಾಗಿಯೇ ಇತ್ತು. ಕೊನೆಯಲ್ಲಿ ಒಂದು ಸಾಲು: ಈ ಅಪರಾಧಕ್ಕೆ ನಾನೊಬ್ಬನೇ ಹೊಣೆ, ಬೇರೆ ಯಾರಿಗೂ ಇದರಲ್ಲಿ ಯಾವ ಸಂಬಂಧವೂ ಇಲ್ಲ. ಕ್ಷಮೆ ಕೇಳುವ ಕಾಗದಕ್ಕೆ ಈ ಸಾಲು ಯಾಕೆ ಬೇಕು? ಅವಳು ತಲೆಯೆತ್ತಿದಾಗ ಶೈಲೇಶ್ ಅವಳ ಬೆರಳು ನಿಂತ ಜಾಗವನ್ನೇ ನೋಡುತ್ತಿದ್ದ. ಯೋಚನೆ ಮಾಡಿ ಹೇಳುತ್ತೇನೆ ಎಂದಳು. ಅವರು ಹೋದ ಮೇಲೆ ಟೀಪಾಯಿಯನ್ನು ಎರಡೆರಡು ಸಲ ಒರೆಸಿದಳು, ಆದರೂ ಕೊಬ್ಬರಿ ಎಣ್ಣೆಯ ಕಮಟು ಹೋಗಲಿಲ್ಲ.

ಗುರುವ ಸಿಕ್ಕಿಬಿದ್ದದ್ದು ಹೇಗೆಂದು ತಿಳಿಯಬೇಕಾದರೆ ಕೂಟದ ಐದು ಕಿಲೋದ ಕತೆ ತಿಳಿಯಬೇಕು. ರಜೆಯಲ್ಲಿ ಊರಿಗೆ ಹೋಗಿ ಬರುವ ಪ್ರತಿಯೊಬ್ಬ ಸದಸ್ಯನೂ ತನ್ನ ಲಗೇಜಿನಲ್ಲಿ ಐದು ಕಿಲೋವನ್ನು ಕೂಟಕ್ಕೆ ಬಿಟ್ಟುಕೊಡಬೇಕು. ಮಳೆಗಾಲದ ಆಟಿ ತಿಂಗಳ ಕೂಟಕ್ಕೆ ಹಲಸಿನ ಹಪ್ಪಳ, ಒಣಗಿಸಿದ ಪುನರ್ಪುಳಿ, ಉಪ್ಪಿನಲ್ಲಿಟ್ಟ ಮಾವಿನಮಿಡಿ ಬೇಕು, ಇವೆಲ್ಲ ಮಸ್ಕತ್ತಿನ ಮರಳಿನಲ್ಲಿ ಬೆಳೆಯುವುದಿಲ್ಲವಲ್ಲ. ಮಂಗಳೂರಿನ ವಿಮಾನ ನಿಲ್ದಾಣದ ಗೇಟಿನ ಹತ್ತಿರ ಶೈಲೇಶನ ಭಾವ ಕಂದು ಟೇಪು ಸುತ್ತಿದ ಪೆಟ್ಟಿಗೆ ತಂದು ಕೊಡುತ್ತಿದ್ದ. ಅದನ್ನು ಬಿಚ್ಚಿ ನೋಡಿದವರಿಲ್ಲ. ಬಿಚ್ಚುವುದೆಂದರೆ ಸಮಾಜದ ಕೆಲಸವನ್ನೇ ಸಂಶಯಿಸಿದಂತೆ. ಇನ್ನೊಂದು ಮಾತನ್ನು ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದರು: ಕಸ್ಟಮ್ಸಿನವರು ಪೆಟ್ಟಿಗೆ ಯಾರದ್ದೆಂದು ಕೇಳಿದರೆ ಬೇರೆಯವರದ್ದು ಎನ್ನಬೇಡಿ, ಅರ್ಧ ದಿನ ಕೂರಿಸುತ್ತಾರೆ. ನಮ್ಮದೇ ಎಂದು ಹೇಳಿ ಹೊರಗೆ ಬನ್ನಿ.

ಕಳೆದ ವರ್ಷ ಜುಲೈಯಲ್ಲಿ ತಾಯಿಯ ಕಣ್ಣಿನ ಆಪರೇಶನ್ ಮುಗಿಸಿ ಬಂದ ಗುರುವನೂ ಹಾಗೆಯೇ ಹೇಳಿದ. ಪುನರ್ಪುಳಿ ಸಿಪ್ಪೆಯ ಅಡಿಯಲ್ಲಿ ಎರಡು ಸಾವಿರದ ನಾನೂರು ಮಾತ್ರೆಗಳಿದ್ದವು. ಊರಿನಲ್ಲಿ ಡಾಕ್ಟರ ಚೀಟಿಗೆ ಸಿಗುವ ನೋವಿನ ಮಾತ್ರೆ, ಇಲ್ಲಿ ಮಾದಕ ವಸ್ತು. ಹೊರಗೆ ಪೆಟ್ಟಿಗೆಗಾಗಿ ಕಾಯುತ್ತಿದ್ದ ಶೈಲೇಶ್ ಅರ್ಧ ಗಂಟೆ ನೋಡಿ, ಕಾರು ತಿರುಗಿಸಿಕೊಂಡು ಹೋಗಿಬಿಟ್ಟ. ಮರುದಿನ ಬೆಳಿಗ್ಗೆ ಹರಿಣಾಕ್ಷಿಯ ಮನೆಗೆ ಬಂದು, "ಗುರುವ ಹೀಗೆ ಮಾಡಬಹುದು ಅಂತ ನಮಗೆ ಕನಸಲ್ಲೂ ಇರ್ಲಿಲ್ಲ ಅಕ್ಕಾ," ಎಂದು ಕಣ್ಣೊರೆಸಿಕೊಂಡ.

ಭಾನುವಾರ ಹರಿಣಾಕ್ಷಿ ಕ್ಲಿನಿಕ್ಕಿಗೆ ರಜೆ ಹಾಕಿ ವಕೀಲ ಹಿಲಾಲರ ಕಚೇರಿಗೆ ಹೋದಳು. ಅಲ್ಲಿ ದುಭಾಷಿಯಾಗಿದ್ದ ಸಫೀನಾ ಬಂಟ್ವಾಳದ ಕಡೆಯ ಬ್ಯಾರಿ ಹೆಂಗಸು. ಹಲ್ಲಿನ ರೂಟ್ ಕೆನಾಲ್ ಚಿಕಿತ್ಸೆಗೆ ಕ್ಲಿನಿಕ್ಕಿಗೆ ಬಂದಿದ್ದಾಗ ಪರಿಚಯವಾದವಳು. ಹಿಲಾಲರು ಕನ್ನಡಕ ಹಣೆಗೇರಿಸಿಕೊಂಡು ಕಡತವನ್ನು ಅರ್ಧ ಗಂಟೆ ಓದಿದರು. ಆಮೇಲೆ ಅವರು ಹೇಳುತ್ತ ಹೋದದ್ದನ್ನು ಸಫೀನಾ ಕನ್ನಡಕ್ಕೆ ತಂದಳು.

"ಅಕ್ಕಾ, ನಿಮ್ಮ ಗಂಡ ಐದು ಸಲ 'ನನ್ನದೇ' ಅಂತ ಹೇಳಿದ್ದಾರೆ. ಏರ್‌ಪೋರ್ಟಲ್ಲಿ, ಪೊಲೀಸಲ್ಲಿ, ಪ್ರಾಸಿಕ್ಯೂಷನ್ನಲ್ಲಿ ಎರಡು ಸಲ, ಮತ್ತೆ ಜಡ್ಜ್ ಎದುರು. ಏರ್‌ಪೋರ್ಟಲ್ಲಿ ಹೆದರಿ ಹೇಳಿದ್ದು ಅಂತ ಇಟ್ಟುಕೊಳ್ಳುವ. ಕೋರ್ಟಲ್ಲಿ ಯಾಕೆ ಹೇಳಿದ್ದು?"

 ಅದೇ ಪ್ರಶ್ನೆ ಹರಿಣಾಕ್ಷಿಯನ್ನೂ ಒಂದು ವರ್ಷದಿಂದ ಕೊರೆಯುತ್ತಿತ್ತು. ಬಾಯಿದ್ದೂ ಮೂಗನಾದ ಗಂಡನ ಮೇಲೆ ಅವಳಿಗೆ ಸಿಟ್ಟು ಬಂದು, ಸಿಟ್ಟು ಹಳಸಿ, ಒಂದು ಬಗೆಯ ಅಸಹ್ಯವೇ ಉಳಿದಿತ್ತು. ಕೂಟದಲ್ಲಿ ಕುರ್ಚಿ ಹೊರುವಾಗಲೂ ಹಾಗೆಯೇ. ಯಾರು ಏನು ಹೇಳಿದರೂ ತಲೆಯಾಡಿಸುವುದು. ಚಿಕ್ಕ ಹುಡುಗರಿಗೂ ಅಲ್ಲಿ ಅವನು ಬರೀ ಗುರುವ, ಯಾರೂ ಅಣ್ಣ ಎಂದು ಸೇರಿಸುತ್ತಿರಲಿಲ್ಲ.

"ಸರ್ ಹೇಳುದು ಎಂತ ಅಂದ್ರೆ," ಸಫೀನಾ ಮುಂದುವರಿಸಿದಳು, "ಲೆಕ್ಕವಿಲ್ಲದ ಶಿಕ್ಷೆ ಕೊಡಲೇಬೇಕು ಅಂತ ಏನಿಲ್ಲ. ವ್ಯಾಪಾರ ಮಾಡುವವನಿಗೆ ಕೊಡುವ ಶಿಕ್ಷೆಯನ್ನು ಚೀಲ ಹೊತ್ತವನಿಗೆ ಕೊಟ್ಟಿದ್ದಾರೆ, ಅದು ಅನ್ಯಾಯ, ನಾವು ಅದನ್ನೇ ಹಿಡ್ಕೊಂಡು ಹೋಗುವ ಅಂತಾರೆ. ಆದರೆ ಪೆಟ್ಟಿಗೆ ಬೇರೆಯವರದ್ದು ಅಂತ ತೋರಿಸ್ಬೇಕು. ಹೀಗೆ ಪೆಟ್ಟಿಗೆ ತರುವ ಪದ್ಧತಿ ಉಂಟು, ನಾನೂ ತಂದಿದ್ದೇನೆ, ಕೊಟ್ಟವನು ಇಂಥವನು ಅಂತ ಒಬ್ಬರಾದರೂ ಬಂದು ಹೇಳ್ಬೇಕು. ಮತ್ತೆ ಆ ಕ್ಷಮೆಯ ಅರ್ಜಿ ಉಂಟಲ್ಲ, ಅದಕ್ಕೆ ಸೈನ್ ಹಾಕಿದರೆ ಖಲಾಸ್. ಆರನೇ ಸಲ ಒಪ್ಪಿಕೊಂಡ ಹಾಗೆ."

ಒಬ್ಬರಾದರೂ! ಪೆಟ್ಟಿಗೆ ಹೊತ್ತವರು ಒಬ್ಬರಲ್ಲ, ಹದಿನೇಳು ಮನೆಯವರಿದ್ದರು. ಹರಿಣಾಕ್ಷಿಗೆ ಒಂದು ಕ್ಷಣ ಹಗುರವೆನಿಸಿತು.

ಮೊದಲು ಹೋದದ್ದು ಕೂಟದ ಗೆಳತಿ ಸೌಮ್ಯಶ್ರೀಯ ಮನೆಗೆ. ಇಬ್ಬರ ಮಕ್ಕಳೂ ಒಂದೇ ತರಗತಿ. ಹರಿಣಾಕ್ಷಿಯ ಮಗಳು ಪ್ರಣೀತಾ ಆ ಮನೆಯಲ್ಲಿ ಉಂಡು ಬೆಳೆದವಳು. ಸೌಮ್ಯಶ್ರೀ ಬಾಗಿಲಲ್ಲೇ ತಬ್ಬಿಕೊಂಡಳು, ಗಳಗಳ ಅತ್ತಳು, ಫಿಲ್ಟರ್ ಕಾಫಿ ಮಾಡಿದಳು. ಸಾಕ್ಷಿಯ ಮಾತು ಬಂದ ಕೂಡಲೇ ಅಳು ಯಾರೋ ಸ್ವಿಚ್ಚು ತೆಗೆದಂತೆ ನಿಂತಿತು.

"ಪೆಟ್ಟಿಗೆಯಾ? ನಾವು ಎಂತ ಪೆಟ್ಟಿಗೆ ತಂದಿದ್ದೇವೆ ಅಕ್ಕಾ?"

"ಎರಡು ಸಲ ತಂದಿದ್ದೀರಿ ಮಾರಾಯ್ತಿ. ಕಳೆದ ಸಲ ಅಕ್ಷಯ್ ಭುಜ ನೋವು ಅಂತ ಹೇಳ್ತಾ ಇದ್ರು."

"ಅದು ನಮ್ಮದೇ ಹಪ್ಪಳ," ಎಂದಳು ಸೌಮ್ಯಶ್ರೀ, ಕಣ್ಣು ಮಿಟುಕಿಸದೆ. ಒಳಗಿನಿಂದ ಅವಳ ಗಂಡ ಅಕ್ಷಯ್ ಬಂದು, ಆಫೀಸಿನಲ್ಲಿ ತನ್ನ ಪ್ರಮೋಷನ್ನಿನ ಫೈಲು ನಡೆಯುತ್ತಿದೆ, ಈಗ ಪೊಲೀಸು ಕೋರ್ಟು ಎಂದರೆ ಕಷ್ಟ ಎಂದ. ಆಮೇಲೆ ಇಬ್ಬರೂ ಸೇರಿ ಅವಳಿಗೆ ಒಂದು ಡಬ್ಬಿ ತುಂಬ ನೀರುದೋಸೆ ಕಟ್ಟಿಕೊಟ್ಟರು. ಬೇಡವೆಂದರೂ ಬಿಡಲಿಲ್ಲ. ಕೆಳಗೆ ಬಂದು ಡಬ್ಬಿಯನ್ನು ಕಸದ ತೊಟ್ಟಿಗೆ ಎಸೆಯಲು ಕೈಯೆತ್ತಿದ ಹರಿಣಾಕ್ಷಿ, ಅನ್ನಕ್ಕೆ ಯಾಕೆ ಪಾಪ ಎಂದು ಕಟ್ಟಡದ ವಾಚ್‌ಮನ್ನಿಗೆ ಕೊಟ್ಟು ನಡೆದಳು.

ಕೂಟದವರೇ ಆದ ಸ್ಟ್ಯಾನಿ ಮತ್ತು ಅವನ ಹೆಂಡತಿ ರೋಸ್ ಇನ್ನೂ ಚೆನ್ನಾಗಿ ನುಣುಚಿಕೊಂಡರು. ರೋಸ್ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಳು, ಪೂರ್ತಿ ಹತ್ತು ನಿಮಿಷ. ಆಮೆನ್ ಎಂದ ಮೇಲೆ ಸ್ಟ್ಯಾನಿ, "ಸಿಸ್ಟರ್, ಗುರುವನ ಬಗ್ಗೆ ನಮಗೂ ಬೇಜಾರುಂಟು. ಆದರೆ ಒಬ್ಬನನ್ನು ಉಳಿಸ್ಲಿಕ್ಕೆ ಹೋಗಿ ಹದಿನೇಳು ಮನೆ ಹಾಳು ಮಾಡುದು ಸರಿಯಾ, ನೀವೇ ಹೇಳಿ," ಎಂದ. ಒಬ್ಬ ಎನ್ನುವಾಗ ಅವನು ಬೆರಳಿನಲ್ಲಿ ಒಂದು ತೋರಿಸಿದ. ಆ ಬೆರಳನ್ನು ಹಿಡಿದು ಹಿಂದಕ್ಕೆ ಬಗ್ಗಿಸಬೇಕು ಎನಿಸಿತು ಹರಿಣಾಕ್ಷಿಗೆ.

ಅಲ್ಲಿಂದ ಟ್ಯಾಕ್ಸಿಯಲ್ಲಿ ಮನೆಗೆ ಬರುವಾಗ ಫೋನು ಗುಂಯ್‌ಗುಟ್ಟಿತು. ಕೂಟದ ವಾಟ್ಸಾಪ್ ಗುಂಪಿನಿಂದ ಅವಳನ್ನು ಶೈಲೇಶ್ ತೆಗೆದುಹಾಕಿದ್ದ. ಮದುವೆ ಮುರಿದವಳನ್ನು, ಮುಟ್ಟಬಾರದ್ದನ್ನು ಮುಟ್ಟಿದವಳನ್ನು ಹಿಂದೆಲ್ಲ ಹೊರಗಿಡುತ್ತಿದ್ದರಂತೆ. ಈಗ ಹೆಬ್ಬೆರಳಲ್ಲಿ ಒಂದು ಒತ್ತಿದರಾಯಿತು. ಥೂ ಎಂದಳು, ಟ್ಯಾಕ್ಸಿಯವನು ತಿರುಗಿ ನೋಡುವಷ್ಟು ಜೋರಾಗಿ. ಆದರೆ ಬುದ್ಧಿವಂತ ಶೈಲೇಶ್ ಒಂದು ಸಂಗತಿ ಮರೆತಿದ್ದ. ಗುಂಪಿನಿಂದ ಹೊರಗೆ ಹಾಕಿದರೂ ಹಳೆಯ ಸಂದೇಶಗಳು ಅವಳ ಫೋನಿನಲ್ಲಿ ಹಾಗೆಯೇ ಉಳಿದಿದ್ದವು. ಹಬ್ಬದ ಶುಭಾಶಯ, ಹೂವಿನ ಚಿತ್ರ, ಯಾರದ್ದೋ ಮಗುವಿನ ನಾಮಕರಣ ಎಲ್ಲವನ್ನೂ ದಾಟಿ ಅವಳು ಕಳೆದ ವರ್ಷಕ್ಕೆ ಹೋದಳು.

ಅಲ್ಲಿತ್ತು. 'ಐದು ಕಿಲೋ ಸೇವೆ' ಎಂಬ ತಲೆಬರಹದಲ್ಲಿ ಶೈಲೇಶನೇ ಹಾಕಿದ ಪಟ್ಟಿ. ಯಾವ ತಿಂಗಳು ಯಾರು, ಯಾವ ವಿಮಾನ, ಪೆಟ್ಟಿಗೆ ಯಾರಿಂದ ತೆಗೆದುಕೊಳ್ಳಬೇಕು, ಇಲ್ಲಿ ಯಾರಿಗೆ ಒಪ್ಪಿಸಬೇಕು, ಎಲ್ಲ ಇತ್ತು. ಫೆಬ್ರವರಿ, ಅಕ್ಷಯ್. ಏಪ್ರಿಲ್, ಸ್ಟ್ಯಾನಿ. ಜುಲೈ, ಗುರುವ. ಮತ್ತು ಮೇ ತಿಂಗಳ ಎದುರು, ಹರಿಣಾಕ್ಷಿ. ಅವಳ ಹೆಸರಿನ ಮುಂದೆ ಶೈಲೇಶ್ ಕೈಮುಗಿದ ಚಿತ್ರ ಹಾಕಿದ್ದ.

ಮೇ ತಿಂಗಳನ್ನು ಅವಳು ಮರೆತಿರಲಿಲ್ಲ. ಮರೆತಂತೆ ಇದ್ದಳು, ಅಷ್ಟೆ. ತಂಗಿಯ ಮದುವೆ ಮುಗಿಸಿ ಬರುವಾಗ ಮಂಗಳೂರಿನಲ್ಲಿ ಆ ಪೆಟ್ಟಿಗೆಯನ್ನು ಟ್ರಾಲಿಗೆ ಎತ್ತಿಡುವಾಗ ಒಳಗಿನಿಂದ ಚರಚರ ಎಂದು ಸಣ್ಣ ಸದ್ದು ಬಂದಿತ್ತು. ಹಪ್ಪಳಕ್ಕೆ ಹಾಗೆ ಸದ್ದಿಲ್ಲ, ಪುನರ್ಪುಳಿಗಂತೂ ಇಲ್ಲವೇ ಇಲ್ಲ. ಮಾತ್ರೆಯ ಸ್ಟ್ರಿಪ್ಪುಗಳನ್ನು ದಿನವೂ ಎಣಿಸುವ ಕ್ಲಿನಿಕ್ಕಿನವಳಿಗೆ ಅದು ಯಾವುದರ ಸದ್ದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಏನು ಮಾಡಿದಳು? ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು, ಸದ್ದು ಬಾರದ ಹಾಗೆ. ಕೆಲಸ ಕೊಡಿಸಿದ ಮನುಷ್ಯನನ್ನು ಹೇಗೆ ಕೇಳುವುದು? ಎರಡು ತಿಂಗಳ ನಂತರ ಗುರುವ ಮಂಗಳೂರಿನ ವಿಮಾನ ನಿಲ್ದಾಣದಿಂದ ಫೋನು ಮಾಡಿ, ಪೆಟ್ಟಿಗೆ ತುಸು ವಿಚಿತ್ರವಾಗಿದೆ, ತರಲೋ ಬೇಡವೋ ಎಂದು ಕೇಳಿದಾಗ, "ಕೂಟದ್ದು ಬೇಡ ಅಂದ್ರೆ ಚಂದ ಕಾಣ್ತದಾ? ಕೇಳಿದ್ರೆ ನಮ್ಮದೇ ಅಂತ ಹೇಳಿ, ಸುಮ್ಮನೆ ರಗಳೆ ಬೇಡ," ಎಂದವಳೂ ಅವಳೇ.

ಚಿಪ್ಸು ತಿಂದವರ ಮೇಲೆ, ನೀರುದೋಸೆ ಕಟ್ಟಿದವರ ಮೇಲೆ, ಪ್ರಾರ್ಥನೆ ಮಾಡಿದವರ ಮೇಲೆ ಎರಡು ದಿನದಿಂದ ಕಾರುತ್ತಿದ್ದ ಹೇಸಿಗೆಯೆಲ್ಲ ಒಟ್ಟಾಗಿ ಅವಳ ಮೈಮೇಲೆಯೇ ಬಿತ್ತು. ಮನೆಗೆ ಬಂದು ಕೈಕಾಲು ತೊಳೆದಳು, ಮುಖ ತೊಳೆದಳು. ಕನ್ನಡಿ ನೋಡಲಿಲ್ಲ.

ಗುರುವಾರ ಜೈಲಿನ ಭೇಟಿ. ಗಾಜಿನ ಆಚೆ ಗುರುವ ಬಂದು ಕೂತು ಫೋನೆತ್ತಿಕೊಂಡ. ಗಡ್ಡ ಬಿಳಿಯಾಗಿತ್ತು. ರೇಡಿಯೇಟರಿನ ಮಸಿ ಒಂದು ವರ್ಷದಲ್ಲಿ ಪೂರ್ತಿ ಹೋಗಿ ಉಗುರುಗಳು ಯಾವುದೋ ಆಫೀಸರನ ಉಗುರಿನಂತೆ ಬೆಳ್ಳಗಿದ್ದವು. ಇಬ್ಬರೂ ಮಾತಾಡುವುದು ತುಳುವಿನಲ್ಲಿ. ಪ್ರಣೀತಾ ಹೇಗಿದ್ದಾಳೆ ಎಂದ. ಚೆನ್ನಾಗಿದ್ದಾಳೆ ಎಂದಳು. ಅಪ್ಪನ ಬಗ್ಗೆ ಕೇಳಿದರೆ 'ಐ ಆಮ್ ಫೈನ್' ಎನ್ನುತ್ತಾಳೆ, ಅವಳ ಬಗ್ಗೆ ಕೇಳಿದರೂ ಅದನ್ನೇ ಎನ್ನುತ್ತಾಳೆ ಎಂಬುದನ್ನು ಹೇಳಲಿಲ್ಲ.

"ಅಪೀಲು ಹಾಕ್ತೇನೆ," ಎಂದಳು ಹರಿಣಾಕ್ಷಿ.

"ಬೇಡ."

"ಪಟ್ಟಿ ಸಿಕ್ಕಿದೆ ನನಗೆ. ಶೈಲೇಶನದ್ದೇ ಪಟ್ಟಿ."

ಗುರುವ ತಟ್ಟನೆ ತಲೆಯೆತ್ತಿದ. ಅವನ ಮುಖದಲ್ಲಿ ಅವಳು ಕಂಡದ್ದು ಸಂತೋಷವಲ್ಲ, ಗಾಬರಿ. "ಅದನ್ನು ಯಾರಿಗಾದರೂ ತೋರಿಸಿದ್ದೀಯಾ? ತೋರಿಸ್ಬೇಡ ಹರೀ. ಅಳಿಸಿಬಿಡು. ಅದರಲ್ಲಿ ನಿನ್ನ ಹೆಸರುಂಟು."

"ನಿಮಗೆ ಹೇಗೆ ಗೊತ್ತು?"

ಅವನು ಗಾಜಿನ ಕೆಳಗಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತ. ಕೊನೆಗೆ ಅವಳು ಫೋನು ಇಡುವವಳಂತೆ ಮಾಡಿದ ಮೇಲೆ ಬಾಯಿಬಿಟ್ಟ. ಹಿಡಿದ ನಾಲ್ಕನೆಯ ದಿನ, ಸಮಾಜದ ಪರವಾಗಿ ವಿಚಾರಿಸಲು ಬಂದಿದ್ದೇನೆ ಎಂದು ಶೈಲೇಶ್ ಬಂದಿದ್ದನಂತೆ. ಹಣ್ಣು ತಂದಿದ್ದನಂತೆ. ಅದೇ ಏರದ ಇಳಿಯದ ಸ್ವರದಲ್ಲಿ ಹೇಳಿದನಂತೆ: ಗುರುವಾ, ಮೇ ತಿಂಗಳಲ್ಲಿ ಹರಿಣಾಕ್ಷಿಯಕ್ಕ ತಂದ ಪೆಟ್ಟಿಗೆಯಲ್ಲಿಯೂ ಇದೇ ಇತ್ತು. ನೀನು ನನ್ನ ಹೆಸರು ಹೇಳಿದರೆ ನಾನು ಅವರ ಹೆಸರು ಹೇಳಬೇಕಾಗುತ್ತದೆ. ಇಬ್ಬರೂ ಒಳಗೆ ಹೋದರೆ ಮಗಳನ್ನು ಯಾರು ನೋಡಿಕೊಳ್ಳುವುದು?

"ಅದಕ್ಕೆ ಕೋರ್ಟಲ್ಲೂ ನನ್ನದೇ ಅಂದೆ," ಎಂದ ಗುರುವ. "ಒಬ್ಬ ಒಳಗೆ ಇದ್ರೆ ಸಾಕಲ್ಲ."

ಹರಿಣಾಕ್ಷಿ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.  ಒಂದು ವರ್ಷ ಈ ಮನುಷ್ಯನನ್ನು ಅವಳು ಮನಸ್ಸಿನಲ್ಲೇ ಹೇಡಿ ಎಂದು ಬೈದಿದ್ದಳು, ಕುರ್ಚಿ ಹೊರುವವನು ಎಂದು ಹಂಗಿಸಿದ್ದಳು. ಅವನು ಅಷ್ಟೂ ದಿನ ಅವಳನ್ನು ಹೊತ್ತುಕೊಂಡು ನಿಂತಿದ್ದ.

"ಕೇಳಿ," ಎಂದಳು. "ನನಗೆ ಆ ಪೆಟ್ಟಿಗೆಯಲ್ಲಿ ಸದ್ದು ಕೇಳಿತ್ತು. ಎಂತ ಸದ್ದು ಅಂತಲೂ ಗೊತ್ತಾಗಿತ್ತು. ಆದರೂ ನಿಮಗೆ ತನ್ನಿ ಅಂತ ಹೇಳಿದೆ."

ಗುರುವ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. "ಮಲ್ಲ ಸಂಗತಿ ಅತ್ತ್," ಎಂದ. ದೊಡ್ಡ ವಿಷಯವಲ್ಲ ಎಂದು. ಸಮಯ ಮುಗಿಯಿತೆಂದು ಕಾವಲಿನವನು ಅವನ ಭುಜ ಮುಟ್ಟಿದ. ಎದ್ದವನು ಮತ್ತೆ ಬಗ್ಗಿ ಫೋನಿಗೆ, "ಅಳಿಸು," ಎಂದ.

ಅವಳು ಅಳಿಸಲಿಲ್ಲ. ಭಾನುವಾರ, ಗಡುವಿಗೆ ಎರಡು ದಿನ ಇರುವಾಗ, ಫೋನನ್ನು ಹಿಲಾಲರ ಮೇಜಿನ ಮೇಲಿಟ್ಟಳು. ಸಫೀನಾ ಪಟ್ಟಿಯನ್ನು ಓದುತ್ತ ಹೋದವಳು ಮೇ ತಿಂಗಳಲ್ಲಿ ನಿಂತಳು. ವಕೀಲರಿಗೆ ಕೇಳದ ಹಾಗೆ ದನಿ ತಗ್ಗಿಸಿ, "ಅಕ್ಕಾ, ಈ ಒಂದು ಸಾಲು ಬರದ ಹಾಗೆ ಸ್ಕ್ರೀನ್‌ಶಾಟ್ ತೆಗೀಬಹುದು. ಮೇಲಿಂದ ಏಪ್ರಿಲ್ ತನಕ ಒಂದು, ಜೂನಿಂದ ಕೆಳಗೆ ಒಂದು. ಮಗಳಿದ್ದಾಳೆ ನಿಮಗೆ," ಎಂದಳು.

"ಆಗ ಸಾಕ್ಷಿ ಹೇಳುವವರು ಯಾರು?"

ಸಫೀನಾ ಫೋನನ್ನು ಮತ್ತೆ ಮೇಜಿನ ಮೇಲಿಟ್ಟಳು.

"ಹದಿನೇಳು ಮನೆಯಲ್ಲಿ ಒಂದು ನನ್ನದು ಸಫೀನಾ. ಉಳಿದ ಹದಿನಾರಕ್ಕೆ ನಾನು ಥೂ ಅಂದಿದ್ದೇನೆ. ನನ್ನ ಸಾಲು ಕತ್ತರಿಸಿದ್ರೆ ನನಗೂ ಸೌಮ್ಯಶ್ರೀಗೂ ಎಂತ ವ್ಯತ್ಯಾಸ?"

ಹಿಲಾಲರು ಪೂರ್ತಿ ಕೇಳಿಸಿಕೊಂಡ ಮೇಲೆ ಬರೆಯುವುದನ್ನು ನಿಲ್ಲಿಸಿ ಲೇಖನಿಗೆ ಮುಚ್ಚಳ ಹಾಕಿದರು. ಈ ಹೇಳಿಕೆ ನಿಮ್ಮ ಮೇಲೆಯೇ ತಿರುಗಬಹುದು, ನಾನು ತಡೆಯುತ್ತೇನೆಂದು ಮಾತು ಕೊಡಲಾರೆ ಎಂದರು. ಸಫೀನಾ ಅದನ್ನು ಕನ್ನಡಕ್ಕೆ ತರುವಾಗ ಎರಡು ಸಲ ತಡವರಿಸಿದಳು. ಹರಿಣಾಕ್ಷಿ ಸಹಿ ಹಾಕಿದಳು. ಮೇಲ್ಮನವಿ ದಾಖಲಾಯಿತು, ಪಟ್ಟಿಯೂ ಅದರೊಳಗೆ ಹೋಯಿತು.

ಆಮೇಲಿನ ಮೂರು ತಿಂಗಳಲ್ಲಿ ಕೂಟದವರು ತಮ್ಮ ನಿಜವಾದ ಚುರುಕುತನ ತೋರಿಸಿದರು. ಪೊಲೀಸರು ಕರೆದು ಕೇಳಿದರೆ ಹದಿನಾರು ಮನೆಯವರೂ ಒಂದೇ ಮಾತು: ನಾವು ತಂದದ್ದು ಹಪ್ಪಳ. ಶೈಲೇಶನ ತಾಯಿಗೆ ಇದ್ದಕ್ಕಿದ್ದಂತೆ ಹುಷಾರು ತಪ್ಪಿತು; ಮೇಲ್ಮನವಿ ದಾಖಲಾದ ಮೂರನೆಯ ದಿನವೇ ಅವನು ಊರಿಗೆ ಹಾರಿದ. ಅವನನ್ನು ಬೀಳ್ಕೊಡಲು ಮೂರು ಕಾರು ಹೋಗಿದ್ದವಂತೆ, ಶಾಲು ಹೊದಿಸಿದರಂತೆ. ನ್ಯಾಷನಲ್ ಡೇ ಬಂದು ಹೋಯಿತು. ಕ್ಷಮೆ ಸಿಕ್ಕವರಲ್ಲಿ ಇಬ್ಬರು ಮೇಲ್ಮನವಿ ಹಾಕಿಕೊಂಡವರೇ ಎಂದು ಸಫೀನಾ ಎಲ್ಲಿಂದಲೋ ತಿಳಿದು ಬಂದಳು. ಕೂಟದವರು ಎದುರಿಗೆ ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಹರಿಣಾಕ್ಷಿಗೆ ಅದರಿಂದ ಲಾಭವೇ ಆಯಿತು, ಯಾರ ಚಿಪ್ಸಿನ ವಾಸನೆಯೂ ಮನೆಗೆ ಬರಲಿಲ್ಲ. ಆ ದಿನಗಳಲ್ಲಿ ಅವಳು ಪ್ರಣೀತಾಳಿಗೆ ಎಲ್ಲವನ್ನೂ ಹೇಳಿದಳು, ಮೇ ತಿಂಗಳದ್ದನ್ನೂ. ಹದಿಮೂರರ ಹುಡುಗಿ ಕೇಳಿ ಮುಗಿಸಿ, ಆ ದಿನ ರಾತ್ರಿ ಊಟಕ್ಕೆ ಬರಲಿಲ್ಲ. ಮರುದಿನ ಬೆಳಿಗ್ಗೆ ತಾನಾಗಿಯೇ ಬಂದು ಅಮ್ಮನ ಪಕ್ಕ ಕೂತು ಹಾಲು ಕುಡಿದಳು.

ವಿಚಾರಣೆಯ ದಿನ ಹಿಲಾಲರು ಎರಡು ಮಾತು ಹೇಳಿಕೊಟ್ಟಿದ್ದರು. ಕೇಳಿದಷ್ಟಕ್ಕೆ ಉತ್ತರಿಸಿ. ಒಳಗೇನಿದೆ ಎಂದು ಗೊತ್ತಿತ್ತೇ ಎಂದು ಕೇಳಿದರೆ ಗೊತ್ತಿರಲಿಲ್ಲ ಎಂದು ಹೇಳಿ ನಿಲ್ಲಿಸಿ. ಬೋನಿನಲ್ಲಿ ಗುರುವ ಅವಳ ಕಡೆ ನೋಡದೆ ನಿಂತಿದ್ದ. ನ್ಯಾಯಾಧೀಶರು ಕೇಳಿದ್ದು ಆ ಪ್ರಶ್ನೆಯನ್ನೇ.

"ಬಿಚ್ಚಿ ನೋಡ್ಲಿಲ್ಲ," ಎಂದಳು ಹರಿಣಾಕ್ಷಿ. ಹಿಲಾಲರು ಉಸಿರುಬಿಡುವಷ್ಟರಲ್ಲಿ ಮುಂದುವರಿದಳು. "ಆದರೆ ಸದ್ದು ಕೇಳಿತ್ತು. ಸಂಶಯ ಬಂದಿತ್ತು. ನಮ್ಮಲ್ಲಿ ಕೇಳುವ ಕ್ರಮ ಇಲ್ಲ. ಕೇಳಿದ್ರೆ ಕೊಟ್ಟವರಿಗೆ ಬೇಜಾರಾಗ್ತದೆ ಅಂತ. ಇವರು ಫೋನ್ ಮಾಡಿ ನನ್ನನ್ನು ಕೇಳಿದ್ರು, ತರಲೋ ಬೇಡವೋ ಅಂತ. ನನ್ನದೇ ಅನ್ನಿ ಅಂತ ಹೇಳಿಕೊಟ್ಟದ್ದು ನಾನು. ಇವರಿಗೆ ಅದಕ್ಕಿಂತ ಹೆಚ್ಚು ಎಂತದೂ ಗೊತ್ತಿಲ್ಲ."

ಸಫೀನಾ ಅದನ್ನು ಅರಬಿಗೆ ತರುತ್ತಿದ್ದಂತೆ ಗುರುವ ಬೋನಿನ ಕಂಬಿ ಹಿಡಿದುಕೊಂಡು, "ಇವಳು ಸುಳ್ಳು ಹೇಳ್ತಿದ್ದಾಳೆ," ಎಂದು ತುಳುವಿನಲ್ಲಿ ಕೂಗಿದ. ಹದಿನಾಲ್ಕು ವರ್ಷದಲ್ಲಿ ಅವನು ದನಿಯೆತ್ತಿದ್ದು ಅದೇ ಮೊದಲು. ಆ ಭಾಷೆ ಅಲ್ಲಿ ಅವಳಿಗೂ ಸಫೀನಾಳಿಗೂ ಬಿಟ್ಟರೆ ಯಾರಿಗೂ ತಿಳಿಯಲಿಲ್ಲ. ಸಫೀನಾ ಅದನ್ನು ಭಾಷಾಂತರಿಸಲಿಲ್ಲ.

ಹಿಲಾಲರು ಎದ್ದು ನಿಂತು ಹೇಳಿದ್ದು ಸಣ್ಣದು. ಈ ಮನುಷ್ಯನ ಬಳಿ ಅಂಗಡಿಯಿಲ್ಲ, ಗಿರಾಕಿಯಿಲ್ಲ, ಹಿಂದಿನ ಒಂದು ಕೇಸೂ ಇಲ್ಲ. ಅವನು ಹೊತ್ತು ತಂದ. ಹೊತ್ತವನಿಗೆ ಶಿಕ್ಷೆ ಕೊಡಿ, ಆದರೆ ಎಣಿಸಬಹುದಾದಷ್ಟು ಕೊಡಿ. ಎಣಿಸಲು ಆಗದ ಶಿಕ್ಷೆಯಲ್ಲಿ ಮನುಷ್ಯ ತಿದ್ದಿಕೊಳ್ಳುವುದು ಯಾವ ದಿನಕ್ಕಾಗಿ?

ಎರಡು ವಾರದ ಮೇಲೆ ತೀರ್ಪು ಬಂತು. ಸಫೀನಾ ಕೇಳಿಸಿಕೊಂಡು, ಹರಿಣಾಕ್ಷಿಯ ಕಿವಿಯಲ್ಲಿ ಹೇಳಿದಳು. ಮುತ್ಲಕ್ ರದ್ದು. ಹತ್ತು ವರ್ಷ, ಆಮೇಲೆ ದೇಶದಿಂದ ಹೊರಗೆ. ಒಳಗೆ ಕಳೆದ ದಿನಗಳೂ ಲೆಕ್ಕಕ್ಕೆ.

ಹರಿಣಾಕ್ಷಿ ನಕ್ಕಳು. ತಡೆಯಲಾಗಲಿಲ್ಲ, ಹಲ್ಲು ಕಾಣುವಷ್ಟು ನಕ್ಕುಬಿಟ್ಟಳು, ಸಫೀನಾಳ ಕೈ ಹಿಡಿದು ಕುಲುಕಿದಳು. ಬೋನಿನಲ್ಲಿ ಗುರುವನೂ ನಗುತ್ತಿದ್ದ, ಬೆರಳು ಮಡಿಸಿ ಎಣಿಸುತ್ತಿದ್ದ. ಮರುಕ್ಷಣ ಅವಳಿಗೆ ತನ್ನ ನಗೆಯ ಮೇಲೆಯೇ ಹೇಸಿಗೆ ಹುಟ್ಟಿತು. ಮಾತ್ರೆ ಮಾರಿದವನು ಊರಿನಲ್ಲಿ ಶಾಲು ಮಡಿಸಿಟ್ಟುಕೊಂಡು ಕೂತಿದ್ದಾನೆ, ಕುರ್ಚಿ ಹಾಕುತ್ತಿದ್ದವನಿಗೆ ಹತ್ತು ವರ್ಷ, ಅದಕ್ಕೆ ತಾವು ಗಂಡ ಹೆಂಡತಿ ಹಬ್ಬದವರಂತೆ ಹಲ್ಲು ಕಿರಿಯುತ್ತಿದ್ದೇವೆ. ಎಂಥಾ ಸ್ಥಿತಿಗೆ ತಂದಿಟ್ಟರು! ಆದರೂ ನಗೆ ನಿಲ್ಲಲಿಲ್ಲ. ಹತ್ತು ಎಂಬುದು ಅಷ್ಟು ಚಂದದ ಅಂಕೆಯಾಗಿತ್ತು.

ಹೊರಗಿನ ಪಡಸಾಲೆಯಲ್ಲಿ ಕಪ್ಪು ಶಿರವಸ್ತ್ರದ ಪೊಲೀಸ್ ಹೆಂಗಸೊಬ್ಬಳು ಕಾಯುತ್ತಿದ್ದಳು. ಹೆಸರು ಕೇಳಿದಳು, ಗುರುತಿನ ಕಾರ್ಡು ತೆಗೆದುಕೊಂಡಳು, ಒರಟಾಗಿ ಏನೂ ಆಡಲಿಲ್ಲ. ಹಿಲಾಲರು ಮುಂದೆ ಬಂದು ಅವಳೊಂದಿಗೆ ಮಾತಾಡಿ, ತಲೆ ತಗ್ಗಿಸಿ ಹಿಂದೆ ಸರಿದರು. ಮೇ ತಿಂಗಳ ಪೆಟ್ಟಿಗೆಯ ಬಗ್ಗೆ ಬೇರೆ ಕಡತ ತೆರೆದಿದ್ದಾರೆ, ಈಗಲೇ ಹೋಗಬೇಕಂತೆ ಎಂದಳು ಸಫೀನಾ. 

ಹರಿಣಾಕ್ಷಿ ಹೆಗಲ ಚೀಲವನ್ನು ತೆಗೆದು ಅವಳ ಕೈಗೆ ಕೊಟ್ಟಳು. ಮನೆಯ ಕೀ ಅದರಲ್ಲಿತ್ತು, ಪ್ರಣೀತಾಳ ಪಾಸ್‌ಪೋರ್ಟೂ ಇತ್ತು.

"ಎರಡೂಕಾಲಕ್ಕೆ ಶಾಲೆಯ ಬಸ್ಸು ಬಿಲ್ಡಿಂಗಿನ ಎದುರು ನಿಲ್ತದೆ ಸಫೀನಾ. ಅವಳು ಮೊದಲು ಅಪ್ಪನದ್ದು ಎಷ್ಟು ಅಂತ ಕೇಳ್ತಾಳೆ. ಹತ್ತು ಅಂತ ಹೇಳಿ. ಆಮೇಲೆ ನನ್ನದು ಕೇಳ್ತಾಳೆ." ಅವಳು ಚೀಲದ ಪಟ್ಟಿಯನ್ನು ಸಫೀನಾಳ ಹೆಗಲಿಗೆ ಸರಿಸಿದಳು. "ಗೊತ್ತಿಲ್ಲ ಅಂತ ಹೇಳಿ. ಅಮ್ಮ ಬೇಗ ಬರ್ತಾಳೆ ಅಂತೆಲ್ಲ ಸುಳ್ಳು ಹೇಳ್ಬೇಡಿ."

ಪೊಲೀಸ್ ಹೆಂಗಸು ಯಲ್ಲಾ ಎಂದಳು, ಹರಿಣಾಕ್ಷಿ ಅವಳ ಹಿಂದೆ ಹೊರಟಳು.